ಹತ್ತುವ ಕಾರು, ಇಳಿಯುವ ಕಾರು

ಶೋರೂಮಿನಲ್ಲಿ ಅವನನ್ನು ಎಲ್ಲರೂ ಡಿಕ್ಕಿಯಣ್ಣ ಎನ್ನುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರು ಈ ಹೆಸರು ಕೇಳಿ, ಪಾಪ, ಎಲ್ಲೋ ಯಾರಿಗೋ ಗುದ್ದಿದ್ದಾನೆ ಎಂದುಕೊಳ್ಳುತ್ತಿದ್ದರು. ಗುದ್ದುವ ಮಾತಿರಲಿ, ಅವನ ಬಿಳಿ ಸೆಡಾನಿನ ಮೇಲೆ ಒಂದು ಗೀರು ಕೂಡ ಇರಲಿಲ್ಲ. ಉಳಿದ ಸೇಲ್ಸ್‌ಮನ್ನುಗಳು ಗಿರಾಕಿ ಬಂದರೆ ಮುಂದಿನ ಬಾಗಿಲು ತೆಗೆದು ಸ್ಟೀರಿಂಗ್ ತೋರಿಸುತ್ತಿದ್ದರು. ಇವನು ಮಾತ್ರ ಅವರನ್ನು ಸೀದಾ ಕಾರಿನ ಹಿಂದಕ್ಕೆ ಕರೆದೊಯ್ದು ಮೊದಲು ಡಿಕ್ಕಿ ಎತ್ತುತ್ತಿದ್ದ. ಮನೆಯೆಂದ ಮೇಲೆ ಅಡುಗೆಮನೆ ಬೇರೆ, ಮಲಗುವ ಕೋಣೆ ಬೇರೆ ಇರಬೇಕೋ ಬೇಡವೋ ಎಂದು ಕೇಳುತ್ತಿದ್ದ. ಜನ ಕೂರುವ ಜಾಗದಲ್ಲೇ ಸಾಮಾನು ತುಂಬುವುದು ಸಂಸಾರಸ್ಥರ ಲಕ್ಷಣವಲ್ಲ ಎಂದು ತಾನೇ ತೀರ್ಪನ್ನೂ ಕೊಡುತ್ತಿದ್ದ. ಈ ಒಂದೇ ಮಾತಿನ ಬಲದಿಂದ ಅವನು ಅರ್ಧ ಊರಿಗೆ ಸೆಡಾನ್ ಮಾರಿದ್ದ.

ಆಮೇಲೆ ಕ್ರಾಸ್‌ಓವರುಗಳು ಬಂದವು.

ಆ ಹೆಸರು ಕೇಳಿದರೇ ಅವನ ಮುಖ ಬೇವು ಜಗಿದವನಂತಾಗುತ್ತಿತ್ತು. ಅತ್ತ ಜೀಪೂ ಅಲ್ಲ, ಇತ್ತ ಕಾರೂ ಅಲ್ಲ. ಸಾದಾ ಕಾರಿಗೇ ಹೀಲ್ಸ್ ಚಪ್ಪಲಿ ತೊಡಿಸಿ, ಕೆನ್ನೆಗೆ ಎರಡು ಕಪ್ಪು ಪ್ಲಾಸ್ಟಿಕ್ ಪಟ್ಟಿ ಬಡಿದು, ಇದು ಬೆಟ್ಟ ಹತ್ತುತ್ತದೆ ಎಂದು ಹೇಳಿ ಮಾರುವ ಮೋಸ. ಕೊಳ್ಳುವವರಾದರೂ ಬೆಟ್ಟ ಹತ್ತುತ್ತಾರೆಯೇ? ಮನೆಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಮನೆಗೆ. ನಡುವೆ ಸಿಗುವ ಬೆಟ್ಟವೆಂದರೆ ಶಾಲೆಯ ಮುಂದಿನ ಸ್ಪೀಡ್ ಬ್ರೇಕರ್.

ಅವರು ಕೊಡುವ ಕಾರಣಗಳನ್ನು ಕೇಳಿ ಕೇಳಿ ಅವನಿಗೆ ಹೇಸಿಗೆ ಹುಟ್ಟಿಹೋಗಿತ್ತು. ಒಬ್ಬನಿಗೆ ರಸ್ತೆ ದೂರದವರೆಗೆ ಕಾಣಬೇಕು. ಇನ್ನೊಬ್ಬನಿಗೆ ಎತ್ತರದಲ್ಲಿ ಕೂತರೆ ಧೈರ್ಯ. ಹಲ್ಲಿನ ಡಾಕ್ಟರೊಬ್ಬರು ಮಾತ್ರ ನಿಜ ನುಡಿದಿದ್ದರು. ಎದುರುಮನೆಯವರು ಎತ್ತರದ ಗಾಡಿ ತಂದಮೇಲೆ ತಮ್ಮ ಸೆಡಾನು ಅವರ ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಹಾಗೆ ಕಾಣುತ್ತಿದೆ ಎಂದು ಗೋಳಾಡಿದ್ದರು. ಡಿಕ್ಕಿಯಣ್ಣನಿಗೆ ಅವರ ಮೇಲೆ ಕೊಂಚ ಗೌರವ ಹುಟ್ಟಿತ್ತು, ಆದರೆ ಅವರೂ ಕೊನೆಗೆ ಎತ್ತರದ್ದನ್ನೇ ಕೊಂಡುಹೋದರು.

ಅವನ ಲೆಕ್ಕದಲ್ಲಿ ಇದೆಲ್ಲ ನಾಟಕ ನೋಡಲು ಹೋದವರ ಕಥೆ. ಮುಂದಿನ ಸಾಲಿನವನೊಬ್ಬ ಎದ್ದು ನಿಲ್ಲುತ್ತಾನೆ. ಅವನ ಹಿಂದಿನವನಿಗೆ ಕಾಣುವುದಿಲ್ಲ, ಅವನೂ ನಿಲ್ಲುತ್ತಾನೆ. ಕೊನೆಗೆ ಇಡೀ ಸಭೆಯೇ ನಿಂತಿರುತ್ತದೆ, ಮೊದಲಿಗಿಂತ ಹೆಚ್ಚಿಗೆ ಯಾರಿಗೂ ಏನೂ ಕಾಣುವುದಿಲ್ಲ, ಎಲ್ಲರ ಕಾಲೂ ನೋಯುತ್ತದೆ. ಕುರ್ಚಿ ಬಿಡದೆ ಕೂತವನಿಗೆ ಮುಂದಿನವರ ಬೆನ್ನೇ ಗತಿ. ಹಾಗೆ ಕೂತವನು ತಾನು ಎಂಬುದು ಅವನ ಹೆಮ್ಮೆ. ಸಿಗ್ನಲ್ಲಿನಲ್ಲಿ ಹಿಂದಿನ ಎತ್ತರದ ಗಾಡಿಯ ದೀಪ ಕನ್ನಡಿಯಿಂದ ಸೀದಾ ಕಣ್ಣಿಗೆ ಹೊಡೆಯುವಾಗ, "ಗಾಡಿ ಹತ್ತಿದ್ದೇ ತಡ, ಕಣ್ಣು ನೆತ್ತಿಗೇರುತ್ತೆ ಈ ದರಿದ್ರದವಕ್ಕೆ" ಎಂದು ಬೈಯುತ್ತಿದ್ದ. ಮುಚ್ಚಿದ ಗಾಜಿನೊಳಗೆ ದಿನವೂ ಇದೇ ಮಂತ್ರ.

ಮ್ಯಾನೇಜರಿಗೆ ಈ ಮಂತ್ರ ಬೇಕಿರಲಿಲ್ಲ. ಶೋರೂಮಿನಲ್ಲಿದ್ದ ಸೆಡಾನುಗಳು ಒಂದೊಂದಾಗಿ ಹಿಂದೆ ಸರಿದು, ಕೊನೆಯದೊಂದು ಕುಂಡದ ಗಿಡಗಳ ಮರೆಯಲ್ಲಿ, ಪಾಯಿಖಾನೆಯ ಬಾಗಿಲ ಪಕ್ಕಕ್ಕೆ ಬಂದು ನಿಂತಿತ್ತು. ಗಿರಾಕಿಗಳು ಕೈ ತೊಳೆದು ಬರುವಾಗ ಅದರ ಬಾನೆಟ್ಟಿನ ಮೇಲೆ ನೀರು ಕೊಡವುತ್ತಿದ್ದರು. ಡಿಕ್ಕಿಯಣ್ಣ ಕರವಸ್ತ್ರದಿಂದ ಅದನ್ನು ಒರೆಸಿ, ಬಾಯಲ್ಲಿ ಜೇನು ಸುರಿಸಿಕೊಂಡು ಎತ್ತರದ ಗಾಡಿಯನ್ನೇ ಮಾರುತ್ತಿದ್ದ. ಹಾಗೆ ಮಾರುವ ತನ್ನ ನಾಲಿಗೆಯ ಮೇಲೂ ಅವನಿಗೆ ಅಸಹ್ಯವಿತ್ತು. ಆ ಅಸಹ್ಯವನ್ನು ಇಳಿಸಲು ಅವನಿಗಿದ್ದದ್ದು ಭಾನುವಾರ ಒಂದೇ.

ಭಾನುವಾರ ಅಕ್ಕ ಊಟಕ್ಕೆ ಬರುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ಅವನನ್ನೂ ತಮ್ಮನನ್ನೂ ಸಾಕಿದ್ದು ಈ ಅಕ್ಕನೇ. ಬಸ್ ನಿಲ್ದಾಣದ ಹಿಂದಿನ ಒಂದೇ ಕೋಣೆಯಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಮಿಷನ್ ಇಟ್ಟುಕೊಂಡು, ಶಾಲೆಯ ಸಮವಸ್ತ್ರ, ಹೋಟೆಲಿನ ಪರದೆ, ದಿಂಬಿನ ಚೀಲ ಎಂದು ಸಿಕ್ಕಿದ್ದನ್ನೆಲ್ಲ ಹೊಲಿದು ಇಬ್ಬರನ್ನೂ ದಡ ಸೇರಿಸಿದ್ದಳು. ಇವನು ಮೊದಲ ದಿನ ಶೋರೂಮಿಗೆ ಹಾಕಿಕೊಂಡು ಹೋದ ಪ್ಯಾಂಟೂ ಅವಳ ಕೈಯದೇ. ಈಗಲೂ ಆ ಮಿಷನ್ ಬಿಟ್ಟಿರಲಿಲ್ಲ. ಭಾನುವಾರ ಬೆಳಿಗ್ಗೆ ಡಿಕ್ಕಿಯಣ್ಣ ಸೆಡಾನ್ ತೊಳೆದು ಅವಳ ಬಾಗಿಲಿಗೆ ಹೋಗಿ, ಮುಂದಿನ ಬಾಗಿಲು ತೆರೆದು, "ಹತ್ತಕ್ಕ" ಎಂದು ಬಾಯಿ ತುಂಬ ಹೇಳಿ, ಅವಳ ಹೊಲಿಗೆಯ ಚೀಲ ಇಸಿದುಕೊಂಡು ಡಿಕ್ಕಿಗೆ ಇಡಲು ಹಿಂದೆ ಹೋಗುತ್ತಿದ್ದ. ಮನೆ ತಲುಪಿದ ಮೇಲೆ ಮತ್ತೆ ಮೊದಲು ಡಿಕ್ಕಿ. ಊಟವಾದಮೇಲೆ ವಾರದ ಗಿರಾಕಿಗಳನ್ನೆಲ್ಲ ಒಬ್ಬೊಬ್ಬರಾಗಿ ಅಣಕಿಸಿ ತೋರಿಸುತ್ತಿದ್ದ. ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳು ನಕ್ಕರೆ ಅವನಿಗೆ ಮುಂದಿನ ವಾರದ ಸುಳ್ಳಿಗೆ ಶಕ್ತಿ ಬರುತ್ತಿತ್ತು.

ಅಕ್ಕ ಬರುವುದನ್ನು ನಿಲ್ಲಿಸಿದಳು. ಒಂದು ವಾರ ಸಮವಸ್ತ್ರದ ಕೆಲಸ, ಇನ್ನೊಂದು ವಾರ ತಲೆನೋವು, ಮತ್ತೊಂದು ವಾರ ಯಾರೋ ಅಳತೆ ಕೊಡಲು ಬರುತ್ತಾರಂತೆ. ಅವನು ನಂಬಿದ. ನಂಬಿಕೊಂಡೇ ಇರುತ್ತಿದ್ದನೇನೋ, ಆದರೆ ಒಂದು ಭಾನುವಾರ ಪೇಟೆಯಲ್ಲಿ ಅವಳನ್ನು ಕಣ್ಣಾರೆ ಕಂಡ. ಔಷಧಿ ಅಂಗಡಿ ಇಟ್ಟಿರುವ ತಮ್ಮನ ಹೊಸ ಕ್ರಾಸ್‌ಓವರಿನ ಮುಂದಿನ ಸೀಟಿನಲ್ಲಿ, ಕಿಟಕಿಗೆ ಮೊಣಕೈ ಕೊಟ್ಟುಕೊಂಡು, ಮಹಾರಾಣಿಯ ಹಾಗೆ ಅಕ್ಕ ಹೋಗುತ್ತಿದ್ದಳು. ಆ ಗಾಡಿಯ ವಿಷಯದಲ್ಲಿ ಅವನಿಗೆ ಮೊದಲೇ ಗಾಯವಿತ್ತು. ಸ್ವಂತ ಅಣ್ಣ ಕಾರು ಮಾರುತ್ತಿರುವಾಗ ತಮ್ಮ ಎದುರು ಶೋರೂಮಿನಲ್ಲಿ ಕೊಂಡಿದ್ದ. ಅಣ್ಣನ ಹತ್ತಿರ ಕೊಂಡರೆ ಕಾರಿನ ಜೊತೆ ಉಪದೇಶ ಬಿಟ್ಟಿ ಬರುತ್ತದೆ ಎಂದು ಹೆಂಡತಿಯೊಡನೆ ಹೇಳಿದ್ದನಂತೆ. ಆ ಗಾಯದ ಮೇಲೆ ಈಗ ಅಕ್ಕ ಉಪ್ಪು ಸುರಿದಂತಾಯಿತು.

ಮನೆಗೆ ಬಂದು ಅವನು ಹೆಂಡತಿಯ ಮುಂದೆ ಕೂಗಾಡಿದ. ಅಕ್ಕನೂ ಅಷ್ಟೇ, ಎತ್ತರ ಕಂಡರೆ ಬಾಯಿ ಬಿಡುವವಳೇ. ಹಳೆಯ ಕಾರಿನವನ ಮನೆಯ ಅನ್ನ ಇನ್ನು ಅವಳ ಗಂಟಲಲ್ಲಿ ಇಳಿಯುವುದಿಲ್ಲ. ಹೆಂಡತಿ ಒಮ್ಮೆ ಹೋಗಿ ಮಾತಾಡಿಸಿ ಬನ್ನಿ ಎಂದಳು. ಅವನು ಕೇಳಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಂಡಸು ಅವನು. ಅಕ್ಕನಿಗೆ ಫೋನ್ ಮಾಡುವುದನ್ನೂ ಬಿಟ್ಟ. ಭಾನುವಾರದ ಊಟಕ್ಕೆ ರುಚಿ ಹೋಯಿತು, ಅಣಕಿಸಿದರೆ ನಗುವವರಿಲ್ಲ, ಹೊಟ್ಟೆಯೊಳಗಿನ ಅಸಹ್ಯ ಹೊರಗೆ ಬರಲು ದಾರಿಯಿಲ್ಲದೆ ಹುಳಿಯತೊಡಗಿತು. ಹೀಗೇ ಬಿಟ್ಟರೆ ಅಕ್ಕ ಶಾಶ್ವತವಾಗಿ ತಮ್ಮನ ಪಾಲಾಗುತ್ತಾಳೆ ಎಂಬ ಭಯ ಹುಟ್ಟಿದ ಮೇಲೆಯೇ ಅವನು ಹೊರಟದ್ದು.

ಅಕ್ಕ ಮಿಷನ್ನಿನ ಮುಂದೆ ಕೂತಿದ್ದಳು. ಕೋಣೆಯ ತುಂಬ ನೀಲಿ ಬಟ್ಟೆಯ ತುಂಡುಗಳು. ಅವನು ಕೂರಲೂ ಇಲ್ಲ.

"ನಿಂಗೂ ಎತ್ತರ ಬೇಕಾಯ್ತೇನಕ್ಕ? ನನ್ನ ಕಾರಲ್ಲಿ ಕೂತ್ರೆ ಮರ್ಯಾದೆ ಹೋಗುತ್ತಾ?"

ಅಕ್ಕ ಸೂಜಿಯಿಂದ ಬಟ್ಟೆ ಬಿಡಿಸಿ, ನೂಲು ಕಡಿದು, ಗುಂಡಿ ತರುವುದಿದೆ, ಅಂಗಡಿಯವರೆಗೆ ಬಿಡು ಎಂದು ಎದ್ದಳು. ಮೇಜು ಹಿಡಿದು ಎದ್ದಳು. ಅದನ್ನು ಅವನು ಗಮನಿಸಲಿಲ್ಲ. ಹೊರಗೆ ಬಂದು ಅಭ್ಯಾಸದಂತೆ ಬಾಗಿಲು ತೆರೆದು, ಚೀಲಕ್ಕಾಗಿ ಕೈ ನೀಡಿದ. ಅವಳ ಕೈಯಲ್ಲಿ ಚೀಲವಿರಲಿಲ್ಲ. ಚೀಲವಿಲ್ಲದ ಮೇಲೆ ಡಿಕ್ಕಿಯ ಕಡೆ ಹೋಗುವ ಕೆಲಸವೂ ಇರಲಿಲ್ಲ. ಹಾಗಾಗಿ ಅವನು ಅಲ್ಲೇ ನಿಂತ. ಅಕ್ಕ ಕಾರಿನಲ್ಲಿ ಕೂರುವುದನ್ನು ಅವನು ನೋಡಿದ್ದು ಅದೇ ಮೊದಲು.

ಅವಳು ಮೊದಲು ಕಾರಿಗೆ ಬೆನ್ನು ಮಾಡಿದಳು. ಒಂದು ಕೈಯಲ್ಲಿ ಛಾವಣಿಯ ಅಂಚು, ಇನ್ನೊಂದರಲ್ಲಿ ಬಾಗಿಲು. ಸ್ವಲ್ಪ ಬಗ್ಗಿ, ತಡೆದು, ಮತ್ತೆ ಸ್ವಲ್ಪ ಬಗ್ಗಿ, ಕೊನೆಗೆ ಕೈ ಬಿಟ್ಟು ಸೀಟಿನ ಮೇಲೆ ದೊಪ್ಪನೆ ಬಿದ್ದಳು. ಮುಖ ಬೆಳ್ಳಗಾಗಿತ್ತು. ಆಮೇಲೆ ಎರಡೂ ಕೈಯಿಂದ ಬಲಗಾಲನ್ನು ಎತ್ತಿ ಒಳಗಿಟ್ಟುಕೊಂಡಳು. ಅದಾದಮೇಲೆ ಎಡಗಾಲನ್ನು. ತನ್ನದಲ್ಲದ ಸಾಮಾನನ್ನು ಇಡುವ ಹಾಗೆ ಇಟ್ಟಳು.

ಗುಂಡಿಯ ಅಂಗಡಿಯ ಮುಂದೆ ಅವನು ಓಡಿಬಂದು ಬಾಗಿಲು ತೆಗೆದ. ಅಕ್ಕ ಕಾಲು ಹೊರಗಿಟ್ಟು ಏಳಲು ನೋಡಿದಳು, ಆಗಲಿಲ್ಲ. ಇನ್ನೊಮ್ಮೆ ನೋಡಿದಳು. ಅಂಗಡಿಯ ಮೆಟ್ಟಿಲ ಮೇಲಿದ್ದವರು ತಿರುಗಿ ನೋಡಿದರು.

"ಆಚೆ ತಿರುಗಿ ನಿಲ್ಲು" ಎಂದಳು ಅಕ್ಕ.

"ಅಕ್ಕಾ, ಕೈ ಕೊಡು."

"ತಿರುಗೋ ಅಂದ್ರೆ."

ಅವನು ತಿರುಗಿದ. ಬೆನ್ನ ಹಿಂದೆ ಅವಳ ಏದುಸಿರು, ಬಾಗಿಲಿನ ಕಿರುಗುಟ್ಟುವ ಸದ್ದು ಎರಡೂ ಕೇಳಿಸಿದವು. ಇಷ್ಟು ವರ್ಷ ಎತ್ತಿದ ಡಿಕ್ಕಿಯ ಮರೆಯಲ್ಲಿ ಪ್ರತಿ ಭಾನುವಾರ ಇದೇ ನಡೆದಿತ್ತು. ಅವನು ಆಗ ಹಿಂದೆ ನಿಂತು ಚೀಲ ಜೋಡಿಸುತ್ತಿದ್ದ. ತನ್ನ ಮೇಲೆ ತನಗೇ ಥೂ ಎನ್ನಿಸಿತು.

ಎದ್ದು ನಿಂತು ಉಸಿರು ಸರಿಮಾಡಿಕೊಂಡ ಮೇಲೆ ಅಕ್ಕ ಹೇಳಿದಳು. "ಹತ್ತಕ್ಕ, ಹತ್ತಕ್ಕ ಅಂತ ಚೆನ್ನಾಗಿ ಕರೀತೀಯ. ನಿನ್ನ ಕಾರನ್ನ ಹತ್ತೋದೆಲ್ಲಿ ಬಂತೋ? ಅದಕ್ಕೆ ಇಳೀಬೇಕು. ಇಳಿಯೋವಾಗ ಹತ್ಬೇಕು. ಬಾವಿ ಕಣೋ ಅದು."

"ಮಂಡಿ ನೋವು ಅಂತ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ಎತ್ತರದ ಗಾಡಿ ಬೇಕು ಅಂದವರನ್ನೆಲ್ಲ ಊಟಕ್ಕೆ ಕೂತಾಗ ಅಣಕಿಸ್ತಿದ್ದೆ. ನಾನೂ ನಿನ್ನ ಬಾಯಿಗೆ ಬೀಳ್ಬೇಕಿತ್ತಾ?"

ಇಷ್ಟು ಹೇಳಿ ಅವಳು ಗುಂಡಿ ಆರಿಸಲು ಹೋದಳು. ಮಿಷನ್ ತುಳಿದ ಮಂಡಿ ಅದು ಎಂದು ಅವಳೇನೂ ಹೇಳಲಿಲ್ಲ. ಹೇಳಿದ್ದರೆ ಅವನಿಗೆ ಅಷ್ಟು ನಾಟುತ್ತಿರಲಿಲ್ಲ.

ಮಾರನೆಯ ದಿನ ಶೋರೂಮಿಗೆ ಕಟ್ಟುಮಸ್ತಾದ ಗುತ್ತಿಗೆದಾರನೊಬ್ಬ ಬಂದ. ರಸ್ತೆಯಲ್ಲಿ ಒಂದು ಗತ್ತು ಬೇಕು, ಎದುರು ಬರುವವನು ನೋಡಿ ಪಕ್ಕಕ್ಕೆ ಸರಿಯಬೇಕು ಎಂದೆಲ್ಲ ಕೊಚ್ಚಿಕೊಂಡ. ಬೇರೆ ದಿನವಾದರೆ ಡಿಕ್ಕಿಯಣ್ಣ ಮನಸ್ಸಿನಲ್ಲೇ ಮುಖ ಸಿಂಡರಿಸುತ್ತಿದ್ದ. ಅಂದು ಆತನನ್ನು ಮೊದಲು ಗಿಡಗಳ ಮರೆಯ ಸೆಡಾನಿನಲ್ಲಿ ಕೂರಿಸಿದ. ಏಳುವಾಗ ಆತ ಬಾಗಿಲ ಚೌಕಟ್ಟು ಹಿಡಿದು, ತುಟಿ ಕಚ್ಚಿ, ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿದ. ಆಮೇಲೆ ಎತ್ತರದ್ದರಲ್ಲಿ ಕೂತ. ಎದ್ದ. ಮತ್ತೆ ಕೂತು, ಮತ್ತೆ ಎದ್ದ. ಮುಖದಲ್ಲಿ ಮಗುವಿನ ಸಂತೋಷ. ಆದರೂ ಬಾಯಿ ಬಿಟ್ಟಾಗ ಬಂದದ್ದು ಮತ್ತೆ ಗತ್ತಿನ ಮಾತೇ.

ಡಿಕ್ಕಿಯಣ್ಣನಿಗೆ ಹಳೆಯ ಹೇಸಿಗೆಯ ಮೇಲೆ ಹೊಸ ಹೇಸಿಗೆ ಬಂದು ಕೂತಿತು. ಕೊಬ್ಬು ಎಂದು ಸಾರಲು ಈ ಜನಕ್ಕೆ ನಾಚಿಕೆಯಿಲ್ಲ, ನೋವು ಎಂದು ಹೇಳಲು ನಾಚಿಕೆ. ಹಾಗೆಂದು ಬಂದವರೆಲ್ಲ ಮಂಡಿನೋವಿನವರೂ ಅಲ್ಲ. ಮುಕ್ಕಾಲು ಮಂದಿಗೆ ಇದ್ದದ್ದು ಅಪ್ಪಟ ಕೊಬ್ಬೇ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹುಡುಕುವ ಜಾತಿ. ಉಳಿದ ಕಾಲು ಪಾಲು ಅದೇ ಕೊಬ್ಬಿನ ಹೊದಿಕೆಯೊಳಗೆ ತಮ್ಮ ಮಂಡಿ, ಸೊಂಟ, ಮುದಿ ತಾಯಂದಿರನ್ನು ಮುಚ್ಚಿಟ್ಟುಕೊಂಡು ಬಂದಿತ್ತು. ಯಾರು ಯಾರೆಂದು ತಿಳಿಯದೆ ತಾನು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಅಕ್ಕನನ್ನು ನಗಿಸಿದ್ದ. ಅವಳು ಮೇಜಿನ ಕೆಳಗೆ ಮಂಡಿ ಉಜ್ಜಿಕೊಳ್ಳುತ್ತ ನಕ್ಕಿದ್ದಳೇನೋ.

ಬಿಳಿ ಸೆಡಾನನ್ನು ಅವನು ಎಕ್ಸ್‌ಚೇಂಜಿಗೆ ಹಾಕಿದ. ಬದಲಿಗೆ ಯಾರೋ ಓಡಿಸಿ ಬಿಟ್ಟ, ಬೂದುಬಣ್ಣದ ಕ್ರಾಸ್‌ಓವರ್ ಬಂತು. ಶೋರೂಮಿನ ಹುಡುಗರು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಇನ್ನು ಡಿಕ್ಕಿಯಣ್ಣ ಅನ್ನೋ ಹಾಗಿಲ್ಲವಲ್ಲ ಎಂದು ಒಬ್ಬ ಕೇಳಿದ. ಇವನು ಬಕೆಟ್ಟಿಗೆ ನೀರು ಹಿಡಿದ. ಕಪ್ಪು ಪ್ಲಾಸ್ಟಿಕ್ ಪಟ್ಟಿಯ ಆ ಮೋರೆಯನ್ನು ತೊಳೆಯುವಾಗಲೂ ಅವನಿಗೆ ವಾಕರಿಕೆ ಬರುತ್ತಿತ್ತು, ಆದರೂ ತೊಳೆದ.

ಭಾನುವಾರ ಅಕ್ಕನ ಬಾಗಿಲಿಗೆ ಹೋದ. ಬಾಗಿಲು ತೆಗೆದು, ಈ ಸಲ ಚೀಲ ಇಸಿದುಕೊಳ್ಳದೆ ಪಕ್ಕದಲ್ಲೇ ನಿಂತ. ಅಕ್ಕ ಗಾಡಿಯನ್ನೂ ಅವನನ್ನೂ ಒಮ್ಮೆ ನೋಡಿ, ಕುರ್ಚಿಯ ಮೇಲೆ ಕೂರುವ ಹಾಗೆ ಸುಮ್ಮನೆ ಕೂತುಬಿಟ್ಟಳು. ಕಾಲುಗಳು ತಾವಾಗಿಯೇ ಒಳಗೆ ಬಂದವು. ದಾರಿಯುದ್ದಕ್ಕೂ ಕಾಂಪೌಂಡುಗಳ ಒಳಗೆ ಇಣುಕುತ್ತ, ಇವರ ಮನೆಯ ಪರದೆ ನಾನೇ ಹೊಲಿದದ್ದು, ಅಲ್ಲಿ ನೋಡು ಹೇಗೆ ಕೊಳೆ ಮಾಡಿಟ್ಟಿದ್ದಾರೆ ಎಂದು ವರದಿ ಕೊಡುತ್ತ ಬಂದಳು. ಡಿಕ್ಕಿಯಣ್ಣನೂ ರಸ್ತೆ ನೋಡಿದ. ನಿಜವೇ, ದೂರದವರೆಗೆ ಕಾಣುತ್ತಿತ್ತು. ಮುಂದಿನವರ ಬೆನ್ನಿನ ಬದಲು ತಲೆಗಳು ಕಾಣುತ್ತಿದ್ದವು. ಬೆನ್ನು ತಾನಾಗಿಯೇ ನೆಟ್ಟಗಾಯಿತು, ಎದೆ ಕೊಂಚ ಮುಂದೆ ಬಂತು. ಚೆನ್ನಾಗಿತ್ತು. ಇಷ್ಟು ಚೆನ್ನಾಗಿರುತ್ತದೆಂದು ಅವನು ಅಷ್ಟು ಮಂದಿಗೆ ಬಾಯಲ್ಲಿ ಹೇಳಿದ್ದನೇ ಹೊರತು ಒಂದು ಸಲವೂ ನಂಬಿರಲಿಲ್ಲ.

ಸಿಗ್ನಲ್ ಹಸಿರಾಯಿತು. ಮುಂದೆ ನಿಂತಿದ್ದ ಹಳೆಯ ಸೆಡಾನು ತಕ್ಷಣ ಹೊರಡಲಿಲ್ಲ. ಡಿಕ್ಕಿಯಣ್ಣ ಹಾರ್ನಿನ ಮೇಲೆ ಕೈ ಒತ್ತಿದ. ಒತ್ತಿದ್ದಷ್ಟೇ ಅಲ್ಲ, ಒತ್ತಿಯೇ ಇಟ್ಟ, ಸಾಲದ್ದಕ್ಕೆ ದೀಪವನ್ನೂ ಒಮ್ಮೆ ಹೊಡೆದ.

ಅಕ್ಕ ಪರದೆಗಳ ಲೆಕ್ಕ ನಿಲ್ಲಿಸಿ ಅವನ ಕಡೆ ತಿರುಗಿದಳು.

"ಗಾಡಿ ತಂದದ್ದು ನನ್ನ ಮಂಡಿಗೆ ಕಣೋ" ಎಂದಳು. "ನಿನ್ನ ಕಣ್ಣು ಯಾಕೆ ನೆತ್ತಿಗೇರಿತು?"

ಅವನು ಕೈ ತೆಗೆದ. ಮುಂದಿನ ಸೆಡಾನಿನ ಕನ್ನಡಿಯಲ್ಲಿ ಬೆಳಕಿಗೆ ಕಣ್ಣು ಕಿರಿದುಮಾಡಿಕೊಂಡ ಒಂದು ಮುಖ ಕಾಣುತ್ತಿತ್ತು, ಅದರ ತುಟಿಗಳು ಅಲ್ಲಾಡುತ್ತಿದ್ದವು. ಗಾಜು ಮುಚ್ಚಿತ್ತು, ಮಾತು ಕೇಳಿಸುವಂತಿರಲಿಲ್ಲ. ಆದರೂ ಆ ಮನುಷ್ಯ ಏನೆಂದು ಬೈಯುತ್ತಿದ್ದಾನೆಂಬುದು ಡಿಕ್ಕಿಯಣ್ಣನಿಗೆ ಒಂದಕ್ಷರ ಬಿಡದೆ ಗೊತ್ತಾಯಿತು.