ಹರಿದ ಪೊರೆ

ಮೈದುನನ ಕಾರಿನಲ್ಲಿ ಅಟ್ಲಾಂಟಾದಿಂದ ಕ್ಯಾರಿ ಪಟ್ಟಣಕ್ಕೆ ಹೋಗುತ್ತಾ ಸೌತ್ ಕ್ಯಾರೊಲೈನಾದ ಹೆದ್ದಾರಿ ಬದಿಯ ರೆಸ್ಟ್ ಏರಿಯಾ ಒಂದರಲ್ಲಿ ಊಟಕ್ಕೆ ನಿಂತೆವು. ಮಡಿಲಲ್ಲಿದ್ದ ದಾರಿ ನಕ್ಷೆ ಮಡಚಿಟ್ಟು ಇಳಿದೆ. ಪಕ್ಕದ ಮೇಜಿನ ಮೇಲೆ ವಯಸ್ಸಾದ ಆಫ್ರಿಕನ್ ಒಬ್ಬರು ದೊಡ್ಡ ವಾದ್ಯವೊಂದನ್ನು ಮಗುಚಿಟ್ಟುಕೊಂಡಿದ್ದರು. ಮರದ ಪಟ್ಟಿಗಳಿಗೆ ಒಣಗಿದ ಸೋರೆ ಬುರುಡೆಗಳನ್ನು ಕಟ್ಟಿದ ಬಲಫೋನ್ ಅದು.

ಅವರು ಗಿನಿ ದೇಶದವರು. ಅಪ್ಪ, ತಾತ ಎಲ್ಲರೂ ಇದನ್ನೇ ನುಡಿಸಿದವರು. ಇವರು ಯೌವನದಲ್ಲೇ ವಾಷಿಂಗ್ಟನ್ನಿಗೆ ಬಂದು ಟ್ಯಾಕ್ಸಿ ಓಡಿಸಿದರಂತೆ. ಈಗ ಅಟ್ಲಾಂಟಾದ ಶಾಲೆಗಳಲ್ಲಿ ನುಡಿಸುತ್ತಾರೆ. ಸಂಜೆ ಕ್ಯಾರಿಯ ಪಕ್ಕದ ರಾಲೀಯಲ್ಲಿ ಮಗಳ ಮದುವೆ, ಇವರೇ ನುಡಿಸಬೇಕು. ಆದರೆ ಬುರುಡೆಯೊಂದರ ತೂತಿಗೆ ಅಂಟಿಸಿದ್ದ ತೆಳು ಪೊರೆ ದಾರಿಯಲ್ಲಿ ಹರಿದಿತ್ತು. ಅದು ಜೇಡದ ಮೊಟ್ಟೆಗೂಡಿನ ಪೊರೆಯೆಂದು ಕೇಳಿ ಬೆರಗಾದೆ. ಅದಿಲ್ಲದೆ ಝೇಂಕಾರ ಹುಟ್ಟುವುದಿಲ್ಲವಂತೆ.

"ತೆಳು ಪ್ಲಾಸ್ಟಿಕ್ ಏನಾದರೂ ಇದೆಯೇ?" ಎಂದು ಕೇಳಿದರು.

"ಅತ್ತಿಗೆ, ದ್ರಾಕ್ಷಿ ತಂದ ಕವರ್ ಇದ್ಯಲ್ಲಾ, ಕೊಡಿ, ಟ್ರೈ ಮಾಡ್ಲಿ," ಎಂದ ಮೈದುನ.

ಅವರು ಒಂದು ಚೂರು ಕತ್ತರಿಸಿ ಅಂಟಿಸಿ, ವಾದ್ಯವನ್ನು ನೆಟ್ಟಗಿಟ್ಟು ಕೋಲಿನಿಂದ ತಟ್ಟಿದರು. ದುಂಬಿಯಂತೆ ಗುಂಯ್ ಎಂದಿತು. ಇನ್ನೊಮ್ಮೆ ತಟ್ಟಿ, ಕಣ್ಣು ಮುಚ್ಚಿ ಆಲಿಸಿದರು.

"ಸರಿಹೋಯಿತೇ?" ಎಂದೆ.

"ಜೇಡದ ಪೊರೆಯನ್ನು ಈ ಮದುವೆಗೆಂದೇ ಊರಿನಿಂದ ತರಿಸಿದ್ದೆ. ನಮ್ಮಪ್ಪ ಇದ್ದಿದ್ದರೆ ಈ ಪ್ಲಾಸ್ಟಿಕ್ಕನ್ನು ಒಪ್ಪುತ್ತಿರಲಿಲ್ಲ," ಎಂದವರು ಮತ್ತೊಮ್ಮೆ ಮೆಲ್ಲಗೆ ತಟ್ಟಿದರು. ಆಮೇಲೆ ನಕ್ಕರು. "ಮಗಳು ಇಲ್ಲೇ ಹುಟ್ಟಿದವಳು. ಅವಳು ಕೇಳಿ ಬೆಳೆದದ್ದು ನಾನು ಇಲ್ಲಿ ಅಂಟಿಸುತ್ತಿದ್ದ ಪ್ಲಾಸ್ಟಿಕ್ಕಿನ ದನಿಯನ್ನೇ."