ವಸಂತ ಮಾಮಾನ ಕಹಿ ಹೂವು

ವಸಂತ ಮಾಮಾನ ಬೆರಳುಗಳು ಹಳದಿಯಾಗಿದ್ದವು. ಹೀಗೆ ಬರೆದ ಕೂಡಲೇ ಅನುಮಾನ ಬರುತ್ತದೆ. ಜುಲೈ ಕೊನೆಯ ಒಂದೆರಡು ವಾರ ಮಾತ್ರ ಅವು ಹಳದಿಯಾಗಿರಲು ಸಾಧ್ಯ; ವರ್ಷದ ಉಳಿದ ಕಾಲ ಎಲ್ಲರ ಬೆರಳಿನಂತೆಯೇ ಇದ್ದಿರಬೇಕು. ಆದರೆ ನನ್ನ ನೆನಪಿನಲ್ಲಿ ಮಾಮಾ ಯುಗಾದಿಯ ಊಟಕ್ಕೆ ಕೂತಾಗಲೂ ಬೆರಳು ಹಳದಿ, ಆಸ್ಪತ್ರೆಯ ಮಂಚದ ಮೇಲಿದ್ದಾಗಲೂ ಹಳದಿ. ಇನ್ನೂ ಏನೇನನ್ನು ತಪ್ಪಾಗಿ ಇಟ್ಟುಕೊಂಡಿದ್ದೇನೋ ತಿಳಿಯದು. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ಮಾಮಾ ನನ್ನ ಅವ್ವನ ಒಬ್ಬನೇ ತಮ್ಮ. ಧಾರವಾಡದಿಂದ ಬಂದು ಮೂವತ್ತು ವರ್ಷ ಹ್ಯೂಸ್ಟನ್ನಿನ ರಿಫೈನರಿಯೊಂದರಲ್ಲಿ ಇಂಜಿನಿಯರ್ ಆಗಿದ್ದವನು, ರಿಟೈರ್ ಆದ ಮೇಲೆ ಶುಗರ್ ಲ್ಯಾಂಡಿನ ಮನೆ ಬಿಟ್ಟು ಆಸ್ಟಿನ್ನಿಗೂ ಉತ್ತರಕ್ಕಿರುವ ಜಾರ್ಜ್‌ಟೌನಿಗೆ ಶಿಫ್ಟ್ ಆದ. ಕೇಳಿದವರಿಗೆಲ್ಲ ಊರಿನ ಗದ್ದಲ ಸಾಕಾಯಿತು ಎನ್ನುತ್ತಿದ್ದ. ನಿಜವಾದ ಕಾರಣ ಒಂದು ಬಳ್ಳಿ.

ಹಾಪ್ಸ್ ಎಂಬುದು ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಬಳ್ಳಿಹೂವು. ಪದರ ಪದರವಾಗಿ, ಹಸಿರಾಗಿ, ಹೆಬ್ಬೆರಳಿನ ತುದಿಯಷ್ಟಿರುತ್ತದೆ. ಬಿಡಿಸಿದರೆ ಒಳಗೆ ಬೆರಳಿಗೆ ಹತ್ತಿಕೊಳ್ಳುವ ಅಂಟಂಟಾದ ಹಳದಿ ಪುಡಿ; ಕೊಯ್ಯುವುದು ಜುಲೈ ಕೊನೆಗೆ. ತಂಪು ಸೀಮೆಯ ಗಿಡವಾದ್ದರಿಂದ ಟೆಕ್ಸಸ್‌ಗೆ ಬಂದರೆ ಮುನಿಸಿಕೊಳ್ಳುತ್ತದೆ. ಶುಗರ್ ಲ್ಯಾಂಡಿನಲ್ಲಿ ಮಾಮಾ ನೆಟ್ಟದ್ದೆಲ್ಲ ಅಲ್ಲಿನ ಸೆಕೆಗೆ ಬೂದಿ ರೋಗ ಹಿಡಿದು ಸತ್ತವು. ಜಾರ್ಜ್‌ಟೌನಿನಲ್ಲಿ ನೆಟ್ಟ ಐದು ಜಾತಿಗಳಲ್ಲಿ ನಾಲ್ಕು ಬಿಸಿಲಿಗೆ ಒಣಗಿದವು. ನ್ಯೂ ಮೆಕ್ಸಿಕೋದ ಗುಡ್ಡಗಳಲ್ಲಿ ತಾನಾಗಿಯೇ ಬೆಳೆಯುವ ಜಾತಿಯೊಂದು ಮಾತ್ರ ಬೇಲಿಯ ಪಕ್ಕದ ಕಂಬ ಹತ್ತಿ ಮೇಲಿನಿಂದ ಕೆಳಗೆ ನೋಡತೊಡಗಿತು.

“ಇದು ನಮ್ಮ ಕಡೀ ಹೆಣ್ಮಗಳಿದ್ದಂಗ ವೀಣಾ,” ಎನ್ನುತ್ತಿದ್ದ. “ಬಿಸಲಿಗೆ ಅಂಜಂಗಿಲ್ಲ. ಹೂ ಮಾತ್ರ ತನ್ನ ಮನಸ್ಸಿಗೆ ಬಂದಾಗ.”

ಅವನ ಹೆಂಡತಿ ಶೈಲಾ ಅತ್ತಿ ಒಳಗಿನಿಂದಲೇ, “ಮದುವ್ಯಾಗಿ ಮೂವತ್ತೈದ ವರ್ಷಾತು, ನನಗ ಒಂದಿನಾ ಇಷ್ಟ ಚಂದ ಅಂದಿಲ್ಲ ನೋಡವಾ,” ಎಂದು ಕೂಗುತ್ತಿದ್ದಳು.

ಅತ್ತಿಯದು ಒಂದೇ ಕಟ್ಟಳೆ. ಅಡಿಗೆಮನೆಗೆ ಬಿಯರಿನ ಯಾವ ಸಾಮಾನೂ ಬರಕೂಡದು. ಗರಾಜಿನಲ್ಲಿ ಮಾಡಿಕೊಳ್ಳಲಿ, ಆದರೆ ಗರಾಜಿನ ಒಂದು ಗೋಡೆಯ ಆಚೆ ದೇವರ ಕೋಣೆ. ಆ ಗೋಡೆಗೆ ತಾಗಬಾರದು. ಹಾಗಾಗಿ ಮಾಮಾ ತನ್ನ ದೊಡ್ಡ ಪಾತ್ರೆ, ಒಲೆ, ಹುದುಗು ಬರಿಸುವ ಗಾಜಿನ ಬುರುಡೆ, ಬಾಟಲಿಗಳನ್ನೆಲ್ಲ ಎದುರು ಗೋಡೆಗೆ ಸರಿಸಿದ. ಜಾಗ ಸಾಲದೆ ಕಾರು ಹೊರಗೆ ನಿಂತಿತು. ಒಂದು ವಸಂತದಲ್ಲಿ ಆಲಿಕಲ್ಲು ಬಿದ್ದು ಅದರ ಮೈಯೆಲ್ಲ ಗುಳಿಗುಳಿಯಾದಾಗ ಮಾಮಾ ಅದನ್ನು ಸುತ್ತು ಹಾಕಿ ನೋಡಿ, “ದೇವರ ಗ್ವಾಡಿಗೆ ಏನೂ ಆಗಿಲ್ಲಲ್ಲ?” ಎಂದನಂತೆ.

ಬಿಯರ್ ಮಾಡುವುದು ಅವನ ಪ್ರಕಾರ ಏನೂ ಅಲ್ಲ. “ದ್ವಾಸಿ ಹಿಟ್ಟು ಹುದುಗು ಬರೂದಿಲ್ಲೇನು? ಅಷ್ಟ. ಇದಕ್ಕ ಬಾರ್ಲಿ, ಅದಕ್ಕ ಅಕ್ಕಿ.”

ಮೊದಲ ಸಲ ಕೈತುಂಬ ಹೂ ಬಂದ ವರ್ಷ ಅವನು ಮಾಡಿದ ತಪ್ಪನ್ನು ಬ್ಯಾಡಗಿ ಮೆಣಸಿನಕಾಯಿ ನೋಡಿ ಬೆಳೆದವರು ಮಾತ್ರ ಮಾಡಬಲ್ಲರು. ಹಾಪ್ಸನ್ನು ನೆರಳಿನಲ್ಲಿ ಗಾಳಿಗೆ ಒಣಗಿಸಬೇಕು. ಮಾಮಾ ಅತ್ತಿಯ ಹಳೆಯ ಹೊದಿಕೆಯೊಂದನ್ನು ಹಿತ್ತಲಿನ ಕಾಂಕ್ರೀಟಿನ ಮೇಲೆ ಹಾಸಿ, ಸುಡುಬಿಸಿಲಿನಲ್ಲಿ ಹೂವನ್ನು ಹರವಿದ. ಅದು ಅತ್ತಿ ಪ್ರತಿ ಬೇಸಗೆ ಮೆಣಸಿನಕಾಯಿ ಒಣಗಿಸುವ ಹೊದಿಕೆ. ಸಂಜೆಯೊಳಗೆ ಹೂವು ಕಂದಿ, ಪರಿಮಳವೆಲ್ಲ ಹಾರಿ, ಹೊದಿಕೆಯಲ್ಲಿದ್ದ ಖಾರವನ್ನು ಹೀರಿಕೊಂಡಿತ್ತು. ಮಾಮಾ ಬಿಸಾಡದೆ ಅದರಲ್ಲೇ ಬಿಯರ್ ಮಾಡಿದ. ಆಸ್ಟಿನ್ನಿನಲ್ಲಿ ತಿಂಗಳಿಗೊಮ್ಮೆ ಸೇರಿ ತಂತಮ್ಮ ಮನೆಯ ಬಿಯರ್ ಹಂಚಿಕೊಳ್ಳುವ ಗೆಳೆಯರ ಗುಂಪಿಗೂ ಒಯ್ದ. ಕುಡಿದವರೆಲ್ಲ ಗಂಟಲು ಸರಿಮಾಡಿಕೊಂಡು, ಇದು ಯಾವ ಜಾತಿಯ ಹಾಪ್ಸ್ ಎಂದು ಕೇಳಿದರು.

“ಬ್ಯಾಡಗಿ,” ಎಂದ ಮಾಮಾ.

ಒಬ್ಬ ಅದನ್ನು ಬರೆದುಕೊಂಡನಂತೆ. ಈ ಕಥೆಯನ್ನು ನಾನು ಮಾಮಾನಿಂದ ಎಷ್ಟು ಸಲ ಕೇಳಿದ್ದೇನೆಂದರೆ, ಆ ಮೇಜಿನ ಸುತ್ತ ನಾನೂ ಕೂತಿದ್ದೆ ಅನ್ನಿಸುತ್ತದೆ. ಕೂತಿರಲಿಲ್ಲ.

ಆ ಹೊದಿಕೆಯ ಫೋಟೋವನ್ನು ಫ್ಯಾಮಿಲಿ ಗ್ರೂಪಿಗೆ ಕಳಿಸಿದವಳು ಮಾತ್ರ ನಾನೇ. ಹುಬ್ಬಳ್ಳಿಯಿಂದ ಅವ್ವ, “ಇದ್ಯಾವ ಕಾಯಿಪಲ್ಯ?” ಎಂದು ಕೇಳಿದಳು. ನಾನು ಯೋಚಿಸದೆ ಇದ್ದದ್ದನ್ನು ಹೇಳಿದೆ. ಆಮೇಲೆ ಅವ್ವ ಬಹಳ ದಿನ ಆ ಗ್ರೂಪಿನಲ್ಲಿ ಒಂದು ಮಾತೂ ಬರೆಯಲಿಲ್ಲ.

ಅವ್ವನ ಅಪ್ಪ, ನನ್ನ ಅಜ್ಜ, ಕುಡಿಯುತ್ತಿದ್ದ. ಸಂಜೆ ಸಾರಾಯಿ ಅಂಗಡಿಯ ಮುಂದೆ ನಿಂತು, ಅವನು ಹೊರಬರುವುದನ್ನು ಕಾದು, ಕೈಹಿಡಿದು ಮನೆಗೆ ಕರೆತರುವ ಕೆಲಸ ಹನ್ನೆರಡು ವರ್ಷದ ಅವ್ವನದು. ಮಾಮಾನಿಗೆ ಆಗ ಮೂರೋ ನಾಲ್ಕೋ ವರ್ಷ. ಅಜ್ಜ ಸತ್ತ ಮೇಲೆ ತಮ್ಮನನ್ನು ಎತ್ತಿ ಆಡಿಸಿದ್ದು, ಓದಿಗೆ ಕೂರಿಸಿದ್ದು, ಅವಳೇ.

ಮರುವರ್ಷ ಅವ್ವ ಆರು ತಿಂಗಳಿಗೆಂದು ಡಾಲಸ್ ಕಡೆಯ ಅಲೆನ್‌ನಲ್ಲಿರುವ ನಮ್ಮ ಮನೆಗೆ ಬಂದಳು. ಮಾಮಾ ಮೂರು ಗಂಟೆ ಡ್ರೈವ್ ಮಾಡಿಕೊಂಡು ಬಂದು ತನ್ನ ಮನೆಗೆ ಕರೆದ. ಅವ್ವ ಅವನ ತಟ್ಟೆಗೆ ಎರಡನೇ ರೊಟ್ಟಿ ಹಾಕುತ್ತ ಹೇಳಿದಳು: “ನಿನ್ನ ಮನಿಯಾಗ ಆ ವಾಸನಿ ಇರತೈತಿ. ನಾ ಬರಂಗಿಲ್ಲ. ನೀ ಇಲ್ಲಿ ಬಾ, ಉಣ್ಣು, ಹೋಗು.”

“ಅಂವಾ ಬರೇ ರುಚಿ ನೋಡಿ ಉಗುಳ್ತಾನವ್ವಾ,” ಎಂದು ನಾನು ಮಧ್ಯೆ ಬಾಯಿ ಹಾಕಿದೆ. ಅದು ಸುಳ್ಳು. ಶನಿವಾರ ಮಧ್ಯಾಹ್ನ ಅವನಿಗೆ ಒಂದು ಬಾಟಲಿ ಬೇಕೇ ಬೇಕಿತ್ತು, ಎರಡನೆಯದು ಬೇಡವಾಗಿತ್ತು. ಮಾಮಾ ನನ್ನ ಕಡೆ ನೋಡಲಿಲ್ಲ. ರೊಟ್ಟಿ ಮುರಿದು ತಿಂದ.

ಆ ಜೂನ್ ಕೊನೆಯಲ್ಲಿ ಅವನಿಗೆ ಹೃದಯದ ಆಪರೇಷನ್ ಆಯಿತು. ಅವ್ವ ಆಸ್ಪತ್ರೆಗೆ ಬಂದಳು, ಮನೆಗೆ ಮಾತ್ರ ಹೋಗಲಿಲ್ಲ. ಜುಲೈ ಕೊನೆಯಲ್ಲಿ ಒಂದು ಬೆಳಿಗ್ಗೆ ಅತ್ತಿಯ ಫೋನು. ನಾನು ಪಾತ್ರೆ ತೊಳೆಯುತ್ತಿದ್ದರಿಂದ ಸ್ಪೀಕರಿಗೆ ಹಾಕಿದ್ದೆ.

“ಹೂವು ಬಲತಾವ ವೀಣಾ. ಎರಡ ದಿನ ಬಿಟ್ರ ಹಾಳಾಗತಾವಂತ. ಇವರು ಏಣಿ ಹತ್ತತೇನಿ ಅಂತ ಕುಂತಾರ. ಎದಿ ಹೊಲಿಗಿ ಇನ್ನಾ ಹಸಿ ಐತಿ. ನನ್ನ ಮಾತ ಕೇಳವಲ್ರು.”

ಸೋಫಾದ ಮೇಲಿದ್ದ ಅವ್ವ ಎದ್ದು ಚಪ್ಪಲಿ ಹುಡುಕತೊಡಗಿದಳು. “ನಡಿ,” ಎಂದಳು ನನಗೆ. ಮೂರು ಗಂಟೆಯಲ್ಲಿ ಮಾಮಾನ ಹಿತ್ತಲಿನಲ್ಲಿದ್ದೆವು.

ನಾನು ಏಣಿ ಹತ್ತಿ ಬಳ್ಳಿಯನ್ನು ಕತ್ತರಿಸಿ ಇಳಿಸಿದೆ. ಅವ್ವ ಹಿತ್ತಲಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು, ಬಳ್ಳಿಯ ರಾಶಿಯನ್ನು ತೊಡೆಯ ಮೇಲೆಳೆದುಕೊಂಡು, ಮೆಂತ್ಯ ಸೊಪ್ಪು ಬಿಡಿಸುವ ಹಾಗೆ ಹೂ ಬಿಡಿಸತೊಡಗಿದಳು. ಯಾರೂ ಅವಳಿಗೆ ಹೇಳಿಕೊಡಲಿಲ್ಲ. ಮಾಮಾ ಎದುರಿಗೆ ಕೂತು ನೋಡುತ್ತಿದ್ದ. ಒಂದು ಬುಟ್ಟಿ ತುಂಬಿದ ಮೇಲೆ ಅವ್ವ ಕೇಳಿದಳು:

“ಅಪ್ಪನ ಮೈ ವಾಸನಿ ನಿನಗ ನೆನಪೈತೇನು?”

“ಇಲ್ಲಕ್ಕಾ. ನಾ ಸಣ್ಣಾಂವ ಇದ್ದೆ. ಅವನ ಚಪ್ಪಲಿ ಅಷ್ಟ ನೆನಪೈತಿ.”

“ಅದಕ್ಕ ನಿನಗ ಇದೆಲ್ಲಾ ಆಟ.”

ಮಾಮಾ ಬುಟ್ಟಿಯಿಂದ ಒಂದು ಹೂ ತೆಗೆದು ಮೂಸಿದ. ಆಮೇಲೆ ಅಂದ: “ಹೌದಕ್ಕಾ. ಎಲ್ಲಾ ನೀನ ನೋಡಿದಿ. ನನಗ ನೋಡಾಕ ಬಿಡಲಿಲ್ಲ.”

ಅವ್ವ ತಲೆಯೆತ್ತಲಿಲ್ಲ. ಬೆರಳುಗಳು ಮಾತ್ರ ನಿಂತು, ಮತ್ತೆ ಶುರುವಾದವು. ಮಧ್ಯಾಹ್ನ ಎರಡರ ಹೊತ್ತಿಗೆ ಮೂರು ಬುಟ್ಟಿ ಆಯಿತು. ಒಳಗೆ ಹೋಗಿ ಊಟ ಮಾಡಿದಳು, ಅತ್ತಿಯ ಸಾರಿಗೆ ಉಪ್ಪು ಕಡಿಮೆ ಎಂದಳು. ಗರಾಜಿನ ಕಡೆ ತಿರುಗಿಯೂ ನೋಡಲಿಲ್ಲ.

ಆ ಹಸಿ ಹೂವಿನಿಂದಲೇ ಮಾಮಾ ಅದೇ ದಿನ ಬಿಯರಿಗೆ ಇಟ್ಟ. ಐದು ವಾರ ಕಳೆದು, ಅವ್ವ ಊರಿಗೆ ಹೊರಡುವ ಹಿಂದಿನ ದಿನ, ಅತ್ತಿಯ ಕೈಯಲ್ಲಿ ಡ್ರೈವ್ ಮಾಡಿಸಿಕೊಂಡು ಅಲೆನ್‌ಗೆ ಬಂದ. ಕೈಯಲ್ಲಿ ಒಂದೇ ಬಾಟಲಿ. ಅದಕ್ಕೆ ಅಂಟಿಸಿದ ಚೀಟಿಯಲ್ಲಿ ಕನ್ನಡದಲ್ಲಿ ‘ಅಕ್ಕ ಬಿಡಿಸಿದ್ದು’ ಎಂದು ಬರೆದಿದ್ದ. ಅಡಿಗೆಮನೆಯಲ್ಲಿ ಒಂದು ಸ್ಟೀಲ್ ಲೋಟಕ್ಕೆ ಎರಡು ಗುಟುಕಿನಷ್ಟು ಬಗ್ಗಿಸಿ ಅವಳ ಮುಂದಿಟ್ಟ.

“ಕುಡಿ ಅನ್ನಂಗಿಲ್ಲ. ನೀ ಬಿಡಿಸಿದ ಹೂವು. ಏನಾತು ಅಂತ ನಿನಗ ಗೊತ್ತಿರಲಿ.”

ಅವ್ವ ಲೋಟವನ್ನು ಮುಟ್ಟಲಿಲ್ಲ. “ಔಷಧಿ ತಪ್ಪಸಬ್ಯಾಡ,” ಎಂದಳು. ಮಾಮಾ ಬಗ್ಗಿ ಅವಳ ಪಾದ ಮುಟ್ಟಲು ಹೋದಾಗ, “ಎದಿ ಹಿಡಿದೀತು, ಸುಮ್ಮನಿರು,” ಎಂದು ಭುಜ ಹಿಡಿದು ನಿಲ್ಲಿಸಿದಳು. ನಾನು ಅವರನ್ನು ಕಾರಿನವರೆಗೆ ಕಳಿಸಿ, ಕಾರು ತಿರುವು ದಾಟುವವರೆಗೆ ನಿಂತು, ಒಳಗೆ ಬಂದೆ. ಅವ್ವ ತನ್ನ ಕೋಣೆಯಲ್ಲಿ ಸೂಟ್‌ಕೇಸಿಗೆ ಸೀರೆ ಇಡುತ್ತಿದ್ದಳು. ಲೋಟ ತೊಳೆದು ಸಿಂಕಿನ ಪಕ್ಕ ಬೋರಲು ಹಾಕಿತ್ತು.

ಅರ್ಧ ಗಂಟೆಗೆ ದಾರಿಯಿಂದಲೇ ಮಾಮಾನ ಫೋನು. “ಅಕ್ಕ ಏನ ಮಾಡಿದ್ಲು?”

ಲೋಟ ನನ್ನ ಕಣ್ಣ ಮುಂದೆಯೇ ಇತ್ತು. “ಕುಡದ್ಲು ಮಾಮಾ,” ಎಂದೆ.

“ಖರೇನು?” ಎಂದ. ಆಮೇಲೆ, “ಮಾರಿ ಕಿವಚಿದ್ಲೇನು?”

“ಭಾಳ.”

ಅವನು ನಕ್ಕ ನಗೆಗೆ ಅತ್ತಿ, “ಯಾಕ್ರೀ, ಏನಾತು, ಹೊಲಿಗಿ ಬಿಚ್ಚೀತು!” ಎಂದು ಗದರಿಸಿದ್ದು ಕೇಳಿಸಿತು. ಆಮೇಲೂ ಒಂದೆರಡು ಸಲ ಅವನ ಜೊತೆ ಮಾತಾಡಿರಬೇಕು, ಏನೆಂದು ನೆನಪಿಲ್ಲ. ಆ ಚಳಿಗಾಲದಲ್ಲಿ, ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತವನು ಕುಸಿದು ಹೋಗಿಬಿಟ್ಟ. ಅವ್ವನಿಗೆ ಬರಲಾಗಲಿಲ್ಲ. ಕ್ರಿಯೆಗೆ ಬಂದಿದ್ದ ಆಸ್ಟಿನ್ನಿನ ಗೆಳೆಯರಲ್ಲೊಬ್ಬ ನನ್ನ ಕೈಹಿಡಿದು, ವಸಂತ್‌ನ ಅಕ್ಕ ಅವನ ಬಿಯರ್ ಕುಡಿದು ಮುಖ ಕಿವಿಚಿದ ಕಥೆ ನಮಗೆಲ್ಲ ಗೊತ್ತು, ಪ್ರತಿ ಸಲ ಹೇಳುತ್ತಿದ್ದ, ಎಂದ. ನಾನು ತಲೆಯಾಡಿಸಿದೆ.

ಹೋದ ಭಾನುವಾರ ಫೋನಿನಲ್ಲಿ ಅವ್ವನನ್ನು ಕೇಳಿಯೇಬಿಟ್ಟೆ: “ಅವತ್ತ ಮಾಮಾ ಇಟ್ಟಿದ್ದನ್ನ ನೀ ಕುಡದಿದ್ದೇನು, ಚೆಲ್ಲಿದ್ದೇನು?”

“ಅವಗ ನೀ ಏನಂತ ಹೇಳಿದ್ದಿ?”

“ಕುಡದ್ಲು ಅಂತ.”

“ನಕ್ಕನೇನು?”

“ನಕ್ಕ.”

ನಾನು ಕೇಳಿದ್ದು ಅದಲ್ಲವಲ್ಲ ಎಂದು ಇನ್ನೊಮ್ಮೆ ಕೇಳಿದೆ. ಕುಕ್ಕರ್ ಕೂಗಿತು, ಆಮೇಲೆ ಮಾತಾಡತೇನಿ ಎಂದು ಫೋನಿಟ್ಟಳು. ಇವತ್ತಿಗೆ ಎಂಟು ದಿನ. ದಿನವೂ ಮಾತಾಡುತ್ತೇವೆ, ಆ ಲೋಟದ ಮಾತೊಂದನ್ನು ಬಿಟ್ಟು.