ಅಕ್ಷರಜಿಪುಣಿ ಬರೆದ ಎರಡು ಪದದ ಚೀಟಿ

ನಮ್ಮತ್ತಿಗೆಗೆ ಆಫೀಸಿನಲ್ಲಿ ಅಕ್ಷರಜಿಪುಣಿ ಎಂದು ಹೆಸರು. ಅಂಕಿಗಳ ಕೋಷ್ಟಕಗಳನ್ನು ಲೆಕ್ಕ ಹಾಕುವ ಕಂಪ್ಯೂಟರ್ ಲೈಬ್ರರಿಗೆ, ಎಂದರೆ ಬೇರೆ ಪ್ರೋಗ್ರಾಮರ್‌ಗಳು ಎತ್ತಿ ಬಳಸುವ ಸಿದ್ಧ ಕೋಡಿನ ಕಟ್ಟಿಗೆ, ಕೋಡ್ ಬರೆಯುವುದು ಅವಳ ಕೆಲಸ. ಅದನ್ನು ಬಳಸುವವರು ಒಂದಕ್ಷರ ಹೆಚ್ಚಿಗೆ ಟೈಪ್ ಮಾಡಬೇಕಾದರೂ ಇವಳಿಗೆ ಸಂಕಟ. ಮನೆಯಲ್ಲೂ ಅಷ್ಟೆ, "ಹ್ಞೂಂ" ಎಂದರೆ ಅದೇ ಭಾಷಣ.

ಆರು ತಿಂಗಳಿಂದ ಅವಳ ತಲೆ ತಿನ್ನುತ್ತಿದ್ದದ್ದು ಒಂದೇ ಪ್ರಶ್ನೆ. ಕೋಷ್ಟಕವನ್ನು ಕೂಡಿಸು ಎಂದರೆ ಮೇಲಿನಿಂದ ಕೆಳಕ್ಕೋ, ಎಡದಿಂದ ಬಲಕ್ಕೋ? ಈ ದಿಕ್ಕಿಗೆ ಅವರು ಅಕ್ಷ ಎನ್ನುತ್ತಾರೆ. ಅಕ್ಷ ಹೇಳದಿದ್ದರೆ ಮೇಲಿನಿಂದ ಕೆಳಕ್ಕೆ ಎಂದೇ ತಿಳಿಯಲಿ ಎಂದು ಅತ್ತಿಗೆಯ ಹಟ. ತಪ್ಪು ಹುಡುಕಿ ಸಂಬಳ ಪಡೆಯುವ ಪುಣ್ಯಾತ್ಮ, ಅವರ ತಂಡದ ಪರೀಕ್ಷಕ, ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

"ಪ್ರೋಗ್ರಾಂ ಅಲ್ಲೇ ನಿಂತು, ಯಾವ ಅಕ್ಷ ಅಂತ ಕೇಳ್ಬೇಕು ಮೇಡಂ. ತಪ್ಪು ದಿಕ್ಕಲ್ಲಿ ಕೂಡಿಸಿದ್ರೂ ಉತ್ತರ ಬರುತ್ತೆ, ನೋಡೋಕೂ ಚೆನ್ನಾಗೇ ಇರುತ್ತೆ."

"ಅಷ್ಟೂ ಗೊತ್ತಾಗಲ್ವಾ ಜನಕ್ಕೆ?" ಎಂದಳು ಅತ್ತಿಗೆ. ಸೋಮವಾರ ಮಧ್ಯಾಹ್ನದ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು.

ಅಪ್ಪ ಆಸ್ಪತ್ರೆಯಿಂದ ಬಂದದ್ದು ಅದರ ಹಿಂದಿನ ದಿನ. ಮಾತ್ರೆಗೆ ಹೊಸ ಡಬ್ಬಿ, ಮೇಲೆ ಏನೂ ಅಚ್ಚಾಗಿಲ್ಲದ್ದು: ಅಡ್ಡಕ್ಕೆ ಏಳು ಮನೆ, ಏಳು ದಿನಕ್ಕೆ, ಉದ್ದಕ್ಕೆ ಮೂರು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಗೆ. ತುಂಬಿಸಿದವಳು ಅತ್ತಿಗೆ. ಮೇಲೊಂದು ಚೀಟಿ ಅಂಟಿಸಿದಳು: "ದಿನಕ್ಕೆ ಮೂರು." ಎರಡೇ ಪದ!

ಸೋಮವಾರ ಮನೆಯಿಂದಲೇ ಕೆಲಸ. ಸಭೆಗೆ ಮುಂಚೆ ನೀರು ಕುಡಿಯಲು ಬಂದವಳು ಅಪ್ಪನ ಅಂಗೈ ನೋಡಿ ಚೀರಿದಳು.

"ಮಾವ, ಬೇಡ! ಅದು ನಾಳೆ ಬೆಳಿಗ್ಗೇದು! ಬಿಪಿ ಮಾತ್ರೆ!"

ಬೆಳಿಗ್ಗೆ ಮೊದಲನೆಯ ಮನೆ ಖಾಲಿ ಮಾಡಿದ್ದ ಅಪ್ಪ ಈಗ ಅದರ ಪಕ್ಕದ್ದಕ್ಕೆ ಕೈ ಹಾಕಿದ್ದರು. ರಾತ್ರಿಗೆ ಮೂರನೆಯದು ಎಂದು ಅವರ ಲೆಕ್ಕ. ಪಕ್ಕದಲ್ಲೇ ಊಟ ಮಾಡುತ್ತಿದ್ದ ನನಗೂ ತಿಳಿದಿರಲಿಲ್ಲ. 

"ನಲವತ್ತು ವರ್ಷ ಪ್ರೆಸ್ಸಲ್ಲಿ ಕರಡು ತಿದ್ದಿದೀನಮ್ಮಾ," ಎಂದರು ಅಪ್ಪ. "ಎಡದಿಂದ ಬಲಕ್ಕೇ ಅಲ್ವಾ ಹೋಗೋದು? ನೀನು ಬೇರೇನೂ ಬರ್ದಿರ್ಲಿಲ್ಲ."

ಅತ್ತಿಗೆ ಆ ಮಾತ್ರೆಯನ್ನು ತಿರುಗಿ ಅದರ ಮನೆಗೆ ಹಾಕಿದಳು. ಎರಡು ಪದದ ಚೀಟಿಯನ್ನು ಕಿತ್ತು ತೆಗೆದಳು.

ಸಭೆ ಐದೇ ನಿಮಿಷದಲ್ಲಿ ಮುಗಿಯಿತು. "ಅಕ್ಷ ಹೇಳದಿದ್ರೆ ನಿಂತು ಕೇಳ್ಲಿ. ನಾನು ಸೋತೆ," ಎಂದಳು. ವಾದಕ್ಕೆ ಟೊಂಕ ಕಟ್ಟಿ ಬಂದಿದ್ದ ಪರೀಕ್ಷಕನಿಗೆ ನಿರಾಸೆಯೇ ಆಗಿರಬೇಕು.

ಸಂಜೆ ಡಬ್ಬಿಗೆ ಹೊಸ ಚೀಟಿ ಬಂತು. ಒಂದು ಪುಟ ಪೂರ್ತಿ: ಯಾವ ಮನೆ, ಯಾವ ಹೊತ್ತು, ಯಾವ ಕಡೆಯಿಂದ ಯಾವ ಕಡೆಗೆ, ಜತೆಗೆ ಬಾಣದ ಗುರುತು. ಅಪ್ಪ ಕನ್ನಡಕ ಏರಿಸಿ, ಹಳೆಯ ಕೆಂಪು ಪೆನ್ನು ಹಿಡಿದು ಎರಡು ಸಲ ಓದಿದರು. ಒಂದು ಕಾಗುಣಿತದ ತಪ್ಪು ತಿದ್ದಿದರು. ಒಂದು ಪದವನ್ನೂ ಹೊಡೆದುಹಾಕಲಿಲ್ಲ.